ತಂತಿಗೆ ಚುಚ್ಚಿದ ಕಾರ್ಡುಗಳು

ಬಿಜಾಪುರದ ಹಳೆಯ ಚಿತ್ರಕಾರ್ಡುಗಳನ್ನು ಚಾಪೆಯ ಮೇಲೆ ಹರವಿಕೊಂಡು ಕೂತರೆ, ನೂರು ವರ್ಷದ ಹಿಂದೆ ಬಂದ ಪ್ರವಾಸಿ ಏನೇನು ನೋಡಿ ಹೋದನೆಂದು ಯಾರಾದರೂ ಹೇಳಬಹುದು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ ತೋಪು, ಬಾರಾ ಕಮಾನು, ಮತ್ತೆ ಗೋಳಗುಮ್ಮಟ. 1876ರಿಂದ 78ರವರೆಗಿನ ಬರದಲ್ಲಿ ಈ ಸೀಮೆಯ ಮಂದಿ ಕಾಳಿಲ್ಲದೆ ಸತ್ತರು. ಆಮೇಲೆ, ಮತ್ತೆ ಹಾಗಾಗದಿರಲೆಂದು, 1880ರ ದಶಕದಲ್ಲಿ ಹೊಟಗಿಯಿಂದ ಬಿಜಾಪುರ ಹಾದು ಗದಗಿಗೆ ಹೋಗುವ ಸಣ್ಣ ಹಳಿ ಬಿತ್ತು. 1885ರಲ್ಲಿ ಕಲಾದಗಿಯಲ್ಲಿದ್ದ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಬಂತು. ಕ್ಯಾಮೆರಾ ಹೊತ್ತವರಿಗೂ ಅದೇ ಹಳಿ ದಾರಿಯಾಯಿತು. ಸ್ಟೇಶನ್ನಿನಿಂದ ಗುಮ್ಮಟ ಕಣ್ಣಳತೆಯಲ್ಲೇ ಇದೆ. ಇಳಿದರು, ಚಿತ್ರ ತೆಗೆದರು, ಮುಂದಿನ ಗಾಡಿ ಹತ್ತಿದರು. ಲಚ್ಯಾಣ, ಇಂಡಿ ರೋಡ್, ನಿಂಬಾಳ ಸ್ಟೇಶನ್ನುಗಳು ಅವರ ಕಿಟಕಿಯಲ್ಲಿ ಬಂದು ಸರಿದುಹೋಗಿರಬೇಕು. ನಮ್ಮ ಝಳಕಿ ಆ ಕಿಟಕಿಗೂ ಬರಲಿಲ್ಲ. ನಮ್ಮದು ಸೊಲ್ಲಾಪುರ–ಬಿಜಾಪುರ ಗಾಡಿದಾರಿಯ ಮೇಲಿನ ಊರು, ಹಳಿಯಿಂದ ದೂರ.

ಝಳಕಿಯ ಚಿತ್ರವಿರುವ ಒಂದು ಹಳೆಯ ಕಾರ್ಡೂ ಇಂದಿನವರೆಗೆ ನನ್ನ ಕೈಗೆ ಬಂದಿಲ್ಲ. ಆದರೂ ನನ್ನ ಪೆಟ್ಟಿಗೆಯಲ್ಲಿರುವುದೆಲ್ಲ ಝಳಕಿಯೇ.

ಈ ಹುಚ್ಚು ಹಚ್ಚಿದವರು ಬೆಂಗಳೂರಿನ ಗೆಳೆಯರೊಬ್ಬರು. ಅವರು ಕೂಡಿಸುವುದು ಬೆಂಗಳೂರು ದಂಡಿನ ಕಾರ್ಡುಗಳನ್ನು. ಮದ್ರಾಸಿನಲ್ಲೂ ಬೆಂಗಳೂರಿನಲ್ಲೂ ಪುಸ್ತಕದಂಗಡಿ ಇಟ್ಟಿದ್ದ ಹಿಗಿನ್‌ಬಾಥಮ್ಸ್ ಕಂಪನಿ ಬಣ್ಣ ತುಂಬಿ ಮಾರುತ್ತಿದ್ದ ಕಾರ್ಡುಗಳು ಅವರಲ್ಲಿವೆ. ಸೌತ್ ಪರೇಡ್, ಅಂದರೆ ಈಗಿನ ಎಂ.ಜಿ. ರಸ್ತೆಯ ಬೇರೆ ಬೇರೆ ಕಾಲದ ಕಾರ್ಡುಗಳನ್ನು ಸಾಲಾಗಿ ಇಟ್ಟು, ಇಲ್ಲಿ ಮರವಿತ್ತು, ಇಲ್ಲಿ ಜಟಕಾ ನಿಲ್ಲುತ್ತಿದ್ದವು, ಈ ಕಟ್ಟಡಕ್ಕೆ ಆಗ ಮಾಳಿಗೆ ಇರಲಿಲ್ಲ ಎಂದು ಬೆರಳಿಟ್ಟು ತೋರಿಸುತ್ತಾರೆ. ಒಂದು ಓಣಿಯ ಚರಿತ್ರೆ ಹೀಗೆ ಅಂಗೈಯಷ್ಟು ರಟ್ಟಿನ ಮೇಲೆ ಉಳಿದಿರುವುದು ಕಂಡು ನನಗೆ ಹೊಟ್ಟೆಯೊಳಗೆ ಕಿಚ್ಚಾಯಿತು. ನಮ್ಮೂರಿಗೆ ಹೀಗೊಂದು ಸಾಲು ಕಟ್ಟಲು ಚಿತ್ರಗಳಿಲ್ಲ. ಇರುವುದು ಬರೆದ ಕಾರ್ಡುಗಳು: ಅಂಚೆ ಇಲಾಖೆಯ ಬರಿಯ ಕಾರ್ಡು, ಒಂದು ಮಗ್ಗುಲು ವಿಳಾಸ, ಇನ್ನೊಂದು ಮಗ್ಗುಲು ಸುದ್ದಿ. ಅವುಗಳಿಂದಲೇ ಕಟ್ಟೋಣ ಎನಿಸಿತು.

ನಮ್ಮ ಕಡೆ ಬಂದ ಕಾಗದ ಓದಿ ಎಸೆಯುತ್ತಿರಲಿಲ್ಲ. ಪಡಸಾಲೆಯ ಜಂತಿಗೆ ಒಂದು ದಪ್ಪ ತಂತಿ ತೂಗುಬಿದ್ದಿರುತ್ತಿತ್ತು. ಅದರ ಕೆಳತುದಿಗೆ ಕಟ್ಟಿಗೆಯ ಬಿಲ್ಲೆ, ಮೇಲ್ತುದಿ ಕೊಕ್ಕೆಯಾಗಿ ಬಾಗಿ ಚೂಪಾಗಿರುತ್ತಿತ್ತು. ಟಪಾಲು ಬಂದ ದಿನ ಓದಿ ಮುಗಿಸಿ ನಡುಮಧ್ಯಕ್ಕೆ ಚುಚ್ಚಿ ಕೆಳಗೆ ಇಳಿಬಿಟ್ಟರೆ ಮುಗಿಯಿತು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಕಾರ್ಡು, ಪಟ್ಟಿ ಕಟ್ಟಿದ ಪಾವತಿ, ಸೊಸೈಟಿಯ ನೋಟೀಸು, ಲಗ್ನಪತ್ರಿಕೆ, ಮನಿಯಾರ್ಡರಿನ ತುಂಡು ಎಲ್ಲವೂ ಅದಕ್ಕೇ. ಹೀಗಾಗಿ ನನ್ನ ಹತ್ತಿರದ ಬಹುಪಾಲು ಕಾರ್ಡುಗಳಿಗೆ ನಡುವೆ ಒಂದು ತೂತು ಇದೆ, ಸುತ್ತ ತುಕ್ಕಿನ ಕಂದು ಕಲೆ ಇದೆ. ಆ ತೂತಿನಲ್ಲಿ ಒಂದೋ ಎರಡೋ ಅಕ್ಷರ ಹೋಗಿರುತ್ತವೆ. ಒಂದು ಕಾರ್ಡಿನಲ್ಲಿ ಎತ್ತಿನ ಬೆಲೆ ಹೋಗಿದೆ, ಇನ್ನೊಂದರಲ್ಲಿ ಹುಟ್ಟಿದ ಕೂಸು ಗಂಡೋ ಹೆಣ್ಣೋ ಎಂಬುದೇ ಹೋಗಿದೆ. ಅಂಚೆಚೀಟಿ ಕೂಡಿಸುವವರು ತೂತು ಬಿದ್ದದ್ದನ್ನು ಮುಟ್ಟುವುದಿಲ್ಲ. ನನಗೆ ಆ ತೂತೇ ಗುರುತು: ಈ ಕಾರ್ಡು ಒಂದು ಮನೆಯಲ್ಲಿ ಬಾಳಿದೆ.

ನಮ್ಮ ಮನೆಯ ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟಿನ ಮನೆ ಕಟ್ಟುವಾಗ ಆ ತಂತಿ ಕೆಳಗಿಳಿಯಿತು. ಹೊಗೆ ಹಿಡಿದು, ಹಿಟ್ಟಿನ ಧೂಳು ಕೂತು, ಕಾರ್ಡುಗಳು ಒಂದಕ್ಕೊಂದು ಅಂಟಿದ್ದವು. ಕಾಕಾ ಅದನ್ನು ಹಾಗೇ ನನ್ನ ಕೈಗಿಟ್ಟು, "ಒಯ್ಯೋದಿದ್ರ ಈಗ ಒಯ್ಯಿ ತಮ್ಮಾ, ಸಂಜಿಕ ನೀರ ಕಾಸೂ ಒಲಿಗೆ ಹೋಗ್ತಾವು" ಎಂದರು. ನಮ್ಮೂರಿನಲ್ಲಿ ಅದೇ ವರ್ಷಗಳಲ್ಲಿ ಎಷ್ಟು ಮಾಳಿಗೆ ಬಿದ್ದವೋ ಅಷ್ಟು ತಂತಿಗಳು ಒಲೆಗೆ ಹೋದವು. ನಾನು ಮನೆ ಮನೆಗೆ ಹೋಗಿ ಕೇಳತೊಡಗಿದ್ದು ಆಗಿನಿಂದ.

ವಿಳಾಸದ ಮಗ್ಗುಲನ್ನು ಮೊದಲು ನೋಡುತ್ತೇನೆ. ನಮ್ಮ ದೇಶದಲ್ಲಿ ಪೋಸ್ಟ್ ಕಾರ್ಡು ಹೊರಟದ್ದು 1879ರ ಜುಲೈ 1ರಂದು, ಕಾಲು ಆಣೆಗೆ. ಇಂದು 50 ಪೈಸೆ. ನಡುವಿನ ಅಷ್ಟೂ ಕಾಲದಲ್ಲಿ ಬಡವನ ಕೈಗೆ ನಿಲುಕುವ ಬೆಲೆಯಲ್ಲೇ ಇದ್ದ ಸರಕಾರಿ ವಸ್ತು ಅದೊಂದೇ ಇರಬೇಕು. ನನ್ನ ಕಾರ್ಡುಗಳ ಮೇಲೆ ಬರೆದ ವಿಳಾಸ ಮೇಲ್ನೋಟಕ್ಕೆ ಎಂದೂ ಬದಲಾಗಿಲ್ಲ: ಮು|| ಪೋ|| ಝಳಕಿ, ತಾ|| ಇಂಡಿ, ಜಿ|| ಬಿಜಾಪುರ. ಬದಲಾದದ್ದು ಅದರ ಕೆಳಗಿನ ಸಾಲು. ರಾಜನ ಮೋರೆಯ ಕಾರ್ಡುಗಳ ಮೇಲೆ ಮುಂಬೈ ಇಲಾಖೆ ಎಂದಿದೆ. 1956ರ ನವೆಂಬರ್ 1ರ ನಂತರ ಅಲ್ಲಿ ಮೈಸೂರು ರಾಜ್ಯ ಬರುತ್ತದೆ. ಆದರೆ ಕೈಗೆ ರೂಢಿ ಬೀಳಲು ಸಮಯ ಹಿಡಿಯಿತು. ಮುಂಬೈ ಎಂದು ಬರೆದು, ಹೊಡೆದು, ಮಗ್ಗುಲಲ್ಲಿ ಮೈಸೂರು ಎಂದು ತಿದ್ದಿದ ಒಂದು ಕಾರ್ಡು ನನ್ನ ಬಳಿ ಇದೆ. ಕರ್ನಾಟಕದ ಏಕೀಕರಣದ ಬಗ್ಗೆ ಎಷ್ಟೋ ಓದಿದ್ದೇನೆ, ಆ ಒಂದು ಗೀಟು ನನಗೆ ಹೇಳಿದಷ್ಟು ಹತ್ತಿರದಿಂದ ಯಾವುದೂ ಹೇಳಲಿಲ್ಲ. 1972ರ ಆಗಸ್ಟ್ 15ರಂದು ಪಿನ್ ಕೋಡು ಬಂತು. ಕಾರ್ಡಿನ ಕೆಳಗೆ ಆರು ಚೌಕ ಮೂಡಿದವು. ನಮ್ಮ ಜಿಲ್ಲೆಯ ಸಂಖ್ಯೆ 586ರಿಂದ ಸುರುವಾಗುತ್ತದೆಂದು ಈಗ ಎಲ್ಲರಿಗೂ ಗೊತ್ತು, ಆದರೆ ಬಹಳ ವರ್ಷ ಆ ಚೌಕಗಳು ಖಾಲಿಯೇ ಇದ್ದವು. ಖಾಲಿ ಇದ್ದರೂ ಕಾರ್ಡು ಮನೆ ಮುಟ್ಟುತ್ತಿತ್ತು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ. 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ. ಆ ಕೊನೆಯ ಹೆಸರು ಹೊತ್ತ, ಮನೆಯವರು ಮನೆಯವರಿಗೆ ಬರೆದ ಕಾರ್ಡು ನನ್ನ ಪೆಟ್ಟಿಗೆಯಲ್ಲಿ ಇಲ್ಲ. ಅಷ್ಟರೊಳಗೆ ಕಾರ್ಡು ಬರೆಯುವುದೇ ನಿಂತಿತ್ತು.

ಗಡಿ ಎಂಬುದು ನಮಗೆ ನಕಾಶೆಯ ಮಾತಲ್ಲ, ಬೀಗರ ಮಾತು. ನಮ್ಮ ಊರಿನ ಹೆಣ್ಣುಮಕ್ಕಳನ್ನು ಜತ್ತಕ್ಕೆ, ಅಕ್ಕಲಕೋಟೆಗೆ, ಮಂಗಳವೇಢೆಗೆ ಕೊಟ್ಟಿದ್ದೇವೆ, ಅಲ್ಲಿಂದ ತಂದಿದ್ದೇವೆ. 1948ರಿಂದ 1956ರವರೆಗೆ ಕಳಿಸುವವನೂ ಪಡೆಯುವವನೂ ಒಂದೇ ಮುಂಬೈ ರಾಜ್ಯದವರು. ಆಮೇಲೆ ಅಪ್ಪನ ಮನೆ ಮೈಸೂರಿನಲ್ಲಿ, ಮಗಳ ಮನೆ ಮುಂಬೈ ರಾಜ್ಯದಲ್ಲಿ, 1960ರ ಮೇ 1ರಿಂದ ಮಹಾರಾಷ್ಟ್ರದಲ್ಲಿ. ಲಿಪಿಗಳೂ ಹಾಗೇ ಬೆರೆತಿವೆ. ಹಳೆಯ ವ್ಯಾಪಾರಿಗಳ ಕಾರ್ಡು ಮೋಡಿಯಲ್ಲಿ, ಒಂದೇ ಗೀಟಿನ ಕೆಳಗೆ ಓಡಿಸಿದ ಬರಹ. ಅದನ್ನು ಓದಬಲ್ಲವರು ಸಿಗುವುದೇ ಈಗ ಕಷ್ಟ. ಸೊಲ್ಲಾಪುರದ ಮರಾಠಿ ಶಾಲೆಯಲ್ಲಿ ಕಲಿತ ಹುಡುಗ ಅವ್ವನಿಗೆ ಬರೆದದ್ದು ನಾಗರಿ ಅಕ್ಷರದಲ್ಲಿ, ಮಾತು ಮಾತ್ರ ಅಚ್ಚ ಝಳಕಿಯ ಕನ್ನಡ. ಬಾಯಿಬಿಟ್ಟು ಓದಿದಾಗಲೇ ಅದು ಕನ್ನಡವೆಂದು ಕಿವಿಗೆ ತಿಳಿಯುವುದು.

ಸುದ್ದಿಯ ಮಗ್ಗುಲಲ್ಲಿ ಮಳೆ ಮೊದಲು. ಉಭಯ ಕುಶಲೋಪರಿ ಮುಗಿದ ಕೂಡಲೇ ಮಳೆ. ಮೃಗಶಿರ ಕೈಕೊಟ್ಟಿತು, ಆರಿದ್ರಾ ಹನಿ ಉದುರಿಸಿತು, ಉತ್ತರಿ ಚಲೋ ಆತು, ಹಸ್ತದಾಗ ಬಿತ್ತಿಗಿ ಮುಗಿಸೀವಿ. ಠಸ್ಸೆಯ ತಾರೀಖು ಅಳಿಸಿಹೋದ ಕಾರ್ಡಿನ ತಿಂಗಳನ್ನು ನಾನು ಹಿಡಿಯುವುದು ಈ ಮಳೆಗಳಿಂದ. ಹಿಂಗಾರಿ ಜೋಳದ ಸೀಮೆಗೆ ವರ್ಷ ನಡೆಯುವುದೇ ಹೀಗೆ. ಮೊಹೋಳದ ಸಂಶೋಧನಾ ಕೇಂದ್ರದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ಜೋಳದ ಬೀಜಕ್ಕಾಗಿ ಸೊಲ್ಲಾಪುರದ ನೆಂಟರಿಗೆ ಬರೆದ ಕಾರ್ಡುಗಳಿವೆ. ನಿಂಬೆಯ ಬೆಲೆ ಕೇಳಿದ ಕಾರ್ಡುಗಳಿವೆ. ಇಂಡಿಯ ನಿಂಬೆಗೆ ಇಂದು ದೇಶದಲ್ಲೆಲ್ಲ ಹೆಸರು, ಆದರೆ ಆಗ ಒಂದು ಚೀಲ ಸೊಲ್ಲಾಪುರದ ಅಡತಿ ಮುಟ್ಟಿ ಹಣ ತಿರುಗಿ ಬರುವವರೆಗೆ ಮನೆಯವರಿಗೆ ನಿದ್ದೆ ಇರಲಿಲ್ಲವೆಂದು ಈ ಕಾರ್ಡುಗಳೇ ಹೇಳುತ್ತವೆ.

1972ರ ಬರದ ಕಾರ್ಡುಗಳನ್ನು ಬೇರೆಯೇ ಕಟ್ಟಿ ಇಟ್ಟಿದ್ದೇನೆ. ಅವುಗಳಲ್ಲಿ ಮಳೆಯ ಹೆಸರುಗಳಿಲ್ಲ. ಬರಗಾಲದ ಕೆಲಸಕ್ಕೆ ಖಡಿ ಒಡೆಯಲು ಯಾರು ಯಾರು ಹೋಗುತ್ತಿದ್ದಾರೆ, ದನ ಎಲ್ಲಿಗೆ ಹೊಡೆದರು, ಬಾವಿ ಎಷ್ಟು ಮೊಳ ಇಳಿಯಿತು ಎಂಬುದಷ್ಟೇ. ಗಡಿಯಾಚೆಯಿಂದ ಬಂದ ಕಾರ್ಡುಗಳಲ್ಲಿ ಸರಕಾರ ಹಂಚಿದ ಕೆಂಪು ಮಿಲೋ ಜೋಳದ ಮಾತಿದೆ. ರೊಟ್ಟಿ ಬಡಿಯಲು ಬರುವುದಿಲ್ಲವೆಂದು ಒಬ್ಬಾಕೆ ಬರೆಸಿದ್ದಾಳೆ. ಆ ವರ್ಷದ ಕಾರ್ಡುಗಳಲ್ಲಿ ಅಕ್ಷರ ಸಣ್ಣ. ಇನ್ನೊಂದು ಕಾರ್ಡಿನ ಖರ್ಚು ಉಳಿಸಲು ಅಂಚಿನಲ್ಲೂ, ವಿಳಾಸದ ಮಗ್ಗುಲ ಮೂಲೆಯಲ್ಲೂ, ಉದ್ದಕ್ಕೆ ತಿರುಗಿಸಿ ಬರೆದ ಸಾಲುಗಳ ಮೇಲೆ ಅಡ್ಡಕ್ಕೂ ಬರೆದಿದ್ದಾರೆ. ಒಂದೊಂದನ್ನು ಓದಲು ಬಿಸಿಲಿಗೆ ಹಿಡಿದು ತಾಸುಗಟ್ಟಲೆ ಕೂತದ್ದುಂಟು.

ಬರೆಸಿದ್ದಾಳೆ ಎಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಓಣಿಯ ಹೆಂಗಸರ ಕಾರ್ಡುಗಳನ್ನು ಬರೆಯುತ್ತಿದ್ದವರು ಶಾಲೆಯ ಹುಡುಗರು. ನಾನೂ ಬರೆದಿದ್ದೇನೆ. ಮಧ್ಯಾಹ್ನ ಗಂಡಸರು ಹೊಲದಲ್ಲಿದ್ದಾಗ, "ಬಾರೋ ಯಪ್ಪಾ, ಎರಡ ಅಕ್ಷರಾ ಗೀಚಿಕೊಡು" ಎಂದು ಕರೆದು, ಶೇಂಗಾ ಬೆಲ್ಲ ಮುಂದಿಟ್ಟು, ಕಾರ್ಡು ಕೊಡುತ್ತಿದ್ದರು. ಒದ್ದೆಯಾದರೆ ನೇರಳೆಯಾಗುವ ಪೆನ್ಸಿಲ್ಲನ್ನು ನಾಲಿಗೆಗೆ ಹಚ್ಚಿ ನಾನು ತೀರ್ಥರೂಪ ಸಮಾನ ಎಂದು ಸುರು ಮಾಡುವಷ್ಟರಲ್ಲಿ ಅವರ ಮಾತು ಎಲ್ಲೋ ಓಡಿರುತ್ತಿತ್ತು. ನಡುವೆ ನಿಲ್ಲಿಸಿ, "ಅದನ್ನ ಬರೀಬ್ಯಾಡ" ಎನ್ನುತ್ತಿದ್ದರು. ಕಾರ್ಡು ಎಂದರೆ ಬಯಲು. ಟಪಾಲಿನವ ಓದುತ್ತಾನೆ, ಮಾಸ್ತರ ಓದುತ್ತಾನೆ, ಅಲ್ಲಿ ಅತ್ತೆಯ ಮುಂದೆ ಯಾರೋ ಗಟ್ಟಿಯಾಗಿ ಓದುತ್ತಾರೆ. ಕವರಿಗೆ ಕೊಡಲು ಹಣವಿಲ್ಲ. ಅದಕ್ಕೇ ಅವರೊಂದು ಮರೆಮಾತು ಮಾಡಿಕೊಂಡಿದ್ದರು. ಮಗಳೊಬ್ಬಳು ಜತ್ತದ ಕಡೆಯಿಂದ ಬರೆಸಿದ ಕಾರ್ಡಿನಲ್ಲಿ ಮತ್ತೆ ಮತ್ತೆ ಬಿಳಿ ಆಕಳ ವಿಚಾರ ಬರುತ್ತದೆ: ಮೇವು ತಿನ್ನುತ್ತಿಲ್ಲ, ರಾತ್ರಿ ಕಣ್ಣು ಮುಚ್ಚುವುದಿಲ್ಲ, ಅಪ್ಪ ಬಂದು ನೋಡಿ ಹೋದರೆ ಚಲೋ. ಆ ಮನೆಯಲ್ಲಿ ಬಿಳಿ ಆಕಳೇ ಇರಲಿಲ್ಲವೆಂದು ಆಕೆಯ ತಮ್ಮ ನನಗೆ ಹೇಳಿದಾಗ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಕಾರ್ಡಿನಲ್ಲಿ ಆಕಳ ಸುದ್ದಿ ಇಲ್ಲ, ಅಪ್ಪ ಬಂದು ಹೋದದ್ದಕ್ಕೆ ಮನಸಿಗೆ ಆನಂದವಾಯಿತೆಂದು ಇದೆ.

ಝಳಕಿಯಿಂದ ಹಲಸಂಗಿ ದೂರವಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು, 1935ರಲ್ಲಿ ‘ಮಲ್ಲಿಗೆ ದಂಡೆ’. ಯಾರೂ ಬೆಲೆ ಕಟ್ಟದಿದ್ದ ಒಂದು ರಾಶಿ ಹೀಗೆ ಕನ್ನಡಕ್ಕೆ ಸಿಕ್ಕಿತು. ಅದೇ ನೆಲದ, ಅದೇ ಬಗೆಯ ಹೆಂಗಸರು ಹಾಡದೆ ಆಡಿದ ಮಾತು ಈ ಕಾರ್ಡುಗಳಲ್ಲಿದೆ. ತವರು, ಅಣ್ಣ, ಹಬ್ಬಕ್ಕೆ ಕರೆಯದ ಸಿಟ್ಟು, ಕುಬಸದ ಖಣ ಎಲ್ಲ ಅವೇ. ಹಾಡಿನಲ್ಲಿ ತವರಿನ ಹಾದಿ ಚೆಂದವಾಗಿರುತ್ತದೆ; ಕಾರ್ಡಿನಲ್ಲಿ ಎಸ್.ಟಿ. ಬಸ್ಸಿನ ಚಾರ್ಜು ಎಷ್ಟು ಎಂಬುದೂ ಇರುತ್ತದೆ. ನನಗೆ ಎರಡೂ ಬೇಕು. ಹಲಸಂಗಿಯವರ ಕೆಲಸದ ಮುಂದೆ ನನ್ನದನ್ನು ಇಟ್ಟು ಅಳೆಯುತ್ತಿಲ್ಲ. ಆದರೆ ಈ ಸೀಮೆಯಲ್ಲಿ ಕೂಡಿಸುವ ಕೆಲಸಕ್ಕೆ ಕೈಹಾಕಿದವನು ಆ ಕಡೆಗೆ ಒಮ್ಮೆ ತಲೆಬಾಗದೆ ಮುಂದೆ ಹೋಗಲಾರ.

ನನ್ನ ಪೆಟ್ಟಿಗೆಯಲ್ಲಿ ಸಾವು ಇಲ್ಲ. ಲಗ್ನ ಇವೆ, ತೊಟ್ಟಿಲು ಇವೆ, ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದ ಕಾರ್ಡುಗಳಿವೆ. ಆದರೆ ಇಷ್ಟು ಮನೆಗಳ, ಇಷ್ಟು ವರ್ಷಗಳ ಕಾರ್ಡುಗಳಲ್ಲಿ ಯಾರೂ ತೀರಿಕೊಳ್ಳುವುದಿಲ್ಲ. ಸಾವಿನ ಸುದ್ದಿಯ ಕಾರ್ಡನ್ನು ಒಂದು ಮೂಲೆ ಹರಿದು ಕಳಿಸುತ್ತಿದ್ದರು. ಮುಟ್ಟಿದವರು ಹೊಸ್ತಿಲು ದಾಟಿಸದೆ ಅಂಗಳದಲ್ಲೇ ನಿಂತು ಓದಿ, ಚೂರು ಚೂರು ಹರಿದು, ಸ್ನಾನಕ್ಕೆ ಹೋಗುತ್ತಿದ್ದರು. ಅದು ತಂತಿ ಏರುತ್ತಿರಲಿಲ್ಲ. ಒಬ್ಬ ಅಜ್ಜನ ಕೈಬರಹ ಒಂದು ವರ್ಷ ಇರುತ್ತದೆ, ಮುಂದಿನ ವರ್ಷ ಅದೇ ಮನೆಯಿಂದ ಮಗನ ಕೈಬರಹ ಬರುತ್ತದೆ, ತಲೆಬರಹದಲ್ಲಿ ಅಜ್ಜನಿಗೆ ನಮಸ್ಕಾರ ಇರುವುದಿಲ್ಲ. ಅಲ್ಲಿ ನಾನು ಒಂದು ಖಾಲಿ ಹಾಳೆ ಸೇರಿಸಿ, ಊರಿನ ಹಿರಿಯರನ್ನು ಕೇಳಿ ಆತ ಹೋದ ವರ್ಷ ಬರೆದಿಡುತ್ತೇನೆ.

ಮನೆಗಳಲ್ಲಿ ಸಿಗದದ್ದನ್ನು ಹುಡುಕಲು ಸೊಲ್ಲಾಪುರದ ರದ್ದಿ ಅಂಗಡಿಗಳಿಗೆ ಹೋದೆ. ನಮ್ಮ ಮಂದಿ ಮಿಲ್ಲಿಗೆ ಹೋಗಿ ನೆಲೆ ನಿಂತ ಊರದು. 1877ರಲ್ಲಿ ಸುರುವಾದ ಜುನೀ ಮಿಲ್ಲಿನ ಚಾಳುಗಳಿಗೆ ಬರೆದ ಕಾರ್ಡುಗಳು ಅಲ್ಲಿಯ ಗಂಟುಗಳಲ್ಲಿ ಸಿಕ್ಕವು. ಪುಣೆಯ ಜುನಾ ಬಜಾರಿನಲ್ಲಿಯೂ ಕೆದಕಿದ್ದೇನೆ. ಅಲ್ಲಿಯ ವ್ಯಾಪಾರಿಗಳು ರಾಜನ ಮೋರೆಗೆ ಬೆಲೆ ಹೇಳುತ್ತಾರೆ, ಹುಲಿಯ ಮೋರೆಯ 15 ಪೈಸೆಯ ಕಾರ್ಡನ್ನು ಪುಕ್ಕಟೆ ಎಂಬಂತೆ ಎಸೆಯುತ್ತಾರೆ. ನನಗೆ ಬೇಕಾದದ್ದು ಬಹಳ ಸಲ ಆ ಹುಲಿಯ ಬೆನ್ನಲ್ಲೇ ಇರುತ್ತದೆ. ಕೆಲವರು ಬರಹದ ಭಾಗ ಬಿಟ್ಟು ಠಸ್ಸೆಯನ್ನಷ್ಟೇ ಕತ್ತರಿಸಿ ಮಾರುವುದನ್ನು ಕಂಡಾಗ ಜೀವ ಕತ್ತರಿಸಿದಂತಾಗುತ್ತದೆ. ಠಸ್ಸೆ ಒಂದು ಊರಿನ ಹೆಸರು ಹೇಳೀತು, ಅದರ ಊರು ಇರುವುದು ಕೆಳಗಿನ ಸಾಲುಗಳಲ್ಲಿ.

ಈಚೆಗೆ ನಾನು ಮನಸಿಟ್ಟು ಮಾಡುತ್ತಿರುವುದು ಝಳಕಿ ಕ್ರಾಸಿನ ಕೆಲಸ. ಊರು ಬೇರೆ, ಕ್ರಾಸು ಬೇರೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ 13ನೆಯ ರಾಷ್ಟ್ರೀಯ ಹೆದ್ದಾರಿ, ಈ ಭಾಗದಲ್ಲಿ ಈಗಿನ 52, ನಮ್ಮಲ್ಲಿ ಹಾದುಹೋಗುತ್ತದೆ; ಇಂಡಿ, ಚಡಚಣದ ಕಡೆಗೆ ಹೋಗುವವರು ಇಲ್ಲಿ ಇಳಿದು ಹತ್ತುತ್ತಾರೆ. ಆ ಇಳಿದು ಹತ್ತುವ ಜಾಗವೇ ಒಂದು ಪೇಟೆಯಾಯಿತು. ಯಾವಾಗ ಆಯಿತು, ಯಾವ ಅಂಗಡಿ ಮೊದಲು ಬಂತು ಎಂದು ಯಾರೂ ಬರೆದಿಟ್ಟಿಲ್ಲ, ಚಿತ್ರ ತೆಗೆದಿಟ್ಟಿಲ್ಲ. ಕಾರ್ಡಿನ ವಿಳಾಸಗಳಲ್ಲಿ ಅದು ತಾನಾಗಿ ಬರೆದುಕೊಂಡಿದೆ. ಹಳೆಯ ಕಾರ್ಡುಗಳಲ್ಲಿ ಅಗಸಿಯ ಹತ್ತಿರ, ಗುಡಿಯ ಹಿಂದೆ, ಗೌಡರ ವಾಡೆಯ ಮಗ್ಗುಲು ಎಂದಿರುತ್ತದೆ. ಮುಂದೆ ಒಂದು ದಿನ ಕೇರಾಫ್ ಚಹಾದ ಅಂಗಡಿ, ರಸ್ತೆಯ ಮೇಲೆ ಎಂದು ಬರುತ್ತದೆ. ಆಮೇಲೆ ಕೇರಾಫ್ ಸೈಕಲ್ ಅಂಗಡಿ. ಕೇರಾಫ್ ಖಾನಾವಳಿ. ಕೇರಾಫ್ ಪಂಕ್ಚರ್ ಅಂಗಡಿ, ಝಳಕಿ ಕ್ರಾಸ್. ಲಾರಿಯ ಡ್ರೈವರುಗಳಿಗೆ, ಕ್ಲೀನರುಗಳಿಗೆ, ಮನೆ ಬಿಟ್ಟು ದುಡಿಯಲು ಬಂದವರಿಗೆ ಟಪಾಲು ಮುಟ್ಟುವ ಜಾಗ ಅದು. ಖಾನಾವಳಿಯ ಗಲ್ಲೆಯ ಹಿಂದೆ ತಂತಿ ಇತ್ತು. ಬೇರೆಯವರ ಕಾರ್ಡುಗಳನ್ನು ಅದಕ್ಕೆ ಚುಚ್ಚಿ, ಅವರು ಮುಂದಿನ ಸಲ ಹಾಯ್ದುಹೋಗುವವರೆಗೆ ಕಾಯುತ್ತಿದ್ದರು. ತಿರುಗಿ ಬಾರದವರ ಕಾರ್ಡುಗಳು ಅಲ್ಲೇ ಉಳಿದವು. ಆ ತಂತಿಯಿಂದಲೇ ನನ್ನ ಸಂಗ್ರಹದ ಅರ್ಧ ಬಂದಿದೆ.

ಈ ವಿಳಾಸಗಳನ್ನು ತಾರೀಖಿನಂತೆ ಜೋಡಿಸಿ ಒಂದು ದೊಡ್ಡ ಹಾಳೆಯ ಮೇಲೆ ಅಂಗಡಿಗಳ ಸಾಲು ಬರೆಯುತ್ತಿದ್ದೇನೆ. ಯಾರು ಎಂದು ಬಂದರು, ಯಾರ ಅಂಗಡಿ ಯಾರಿಗೆ ಹೋಯಿತು, ಎಲ್ಲಿಯ ತಟ್ಟಿ ಎಲ್ಲಿ ಪತ್ರಾಸ್ ಆಯಿತು. ಕೊನೆಯ ಕೆಲವು ಕಾರ್ಡುಗಳಲ್ಲಿ ಎಸ್‌ಟಿಡಿ ಬೂತಿನ ನಂಬರು ಇದೆ, ಇದಕ್ಕೆ ಫೋನು ಹಚ್ಚು ಎಂಬ ಒಂದೇ ಸಾಲು. ಅಲ್ಲಿಗೆ ಕಾರ್ಡು ತನ್ನ ಜಾಗವನ್ನು ತಾನೇ ಬಿಟ್ಟುಕೊಟ್ಟಿತು. ರಸ್ತೆ ಅಗಲವಾಗುತ್ತ ಹೋದಂತೆ ಆ ಹಳೆಯ ಸಾಲೂ ಉಳಿಯಲಿಲ್ಲ. ಅಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ನನ್ನ ಹಾಳೆ ತೋರಿಸಿದರೆ, ನಮ್ಮ ಮುತ್ಯಾನ ಅಂಗಡಿ ಇಲ್ಲಿತ್ತಾ ಎಂದು ಬಗ್ಗಿ ನೋಡುತ್ತಾರೆ, ಮನೆಗೆ ಓಡಿ ಯಾರನ್ನೋ ಕರೆತರುತ್ತಾರೆ.

ಹಾಳೆಯಲ್ಲಿ ಸೈಕಲ್ ಅಂಗಡಿಗೂ ಖಾನಾವಳಿಗೂ ನಡುವೆ ಒಂದು ಜಾಗ ಖಾಲಿ ಇದೆ. ಹಿಟ್ಟಿನ ಗಿರಣಿ ಇತ್ತೆಂದು ಒಬ್ಬರು, ಹೊಲಿಗೆಯವನ ಅಂಗಡಿ ಇತ್ತೆಂದು ಇನ್ನೊಬ್ಬರು. ಆ ವರ್ಷಗಳಲ್ಲಿ ಕ್ರಾಸಿನಿಂದ ಜತ್ತಕ್ಕೆ ತಪ್ಪದೆ ಕಾರ್ಡು ಹಾಕುತ್ತಿದ್ದ ಒಂದು ಮನೆತನದ ಹಿರಿಯ ಮಗಳು ಈಗಲೂ ಜತ್ತದಲ್ಲಿದ್ದಾಳೆ, ನನಗೆ ದೂರದಿಂದ ಅತ್ತೆಯಾಗಬೇಕು. ಆಕೆಯ ಮನೆಯ ತಂತಿ ಇನ್ನೂ ಜಂತಿಗೇ ಇದೆಯಂತೆ. ಎಳ್ಳಮಾಸಿ ಮುಗಿದ ಮೇಲೆ ಹೋಗುವವನಿದ್ದೇನೆ. ಫೋನಿನಲ್ಲಿ ಕೇಳಿದಾಗ ಆಕೆ ಷರತ್ತು ಹಾಕಿದ್ದಾಳೆ: "ಫೋಟೋ ಬೇಕಾದಷ್ಟು ಹೊಡಕೋ, ಆದ್ರ ಒಂದ ಕಾರ್ಡೂ ಒಯ್ಯಂಗಿಲ್ಲ. ಮತ್ತ ಕೆಳಗಿಂದ ಸುರು ಮಾಡಿ ಎಲ್ಲಾನೂ ನನಗ ಗಟ್ಟಿಯಾಗಿ ಓದಿ ಹೇಳ್ಬೇಕು. ಎರಡ ದಿನಾ ಇರೂ ಹಂಗ ಬಾ."